ಬಾವನಿಗಾಗಿ ತೊಳೆದಿಟ್ಟ ತೋಟಾ

ನಾನು ಒಂದು ತೋಟಾದ ಚಿಪ್ಪು. ರೈಫಲ್ಲಿನ ತೋಟಾದಲ್ಲಿ ಮುಂದೆ ಚೂಪಾಗಿ ಕೂತಿರುತ್ತದಲ್ಲ, ಅದು ಗುಂಡು. ಅದರ ಹಿಂದೆ ಮದ್ದನ್ನು ಹೊಟ್ಟೆಗೆ ತುಂಬಿಕೊಂಡು, ಬುಡದಲ್ಲಿ ಕೇಪು ಕೂರಿಸಿಕೊಂಡು, ಗುಂಡನ್ನು ಬಾಯಲ್ಲಿ ಕಚ್ಚಿಕೊಂಡು ನಿಂತಿರುವ ಹಿತ್ತಾಳೆಯ ಕೊಳವೆ ನಾನು. ಕೋವಿಯ ಕುದುರೆ ಎಳೆದಾಗ ಕೇಪಿಗೆ ಪೆಟ್ಟು ಬಿದ್ದು ಕಿಡಿ ಹುಟ್ಟುತ್ತದೆ. ಮದ್ದು ಉರಿಯುವುದು ನನ್ನ ಹೊಟ್ಟೆಯಲ್ಲಿ, ಹೆಸರು ಬರುವುದು ಗುಂಡಿಗೆ. "ಗುಂಡು ಎಷ್ಟು ಚೆನ್ನಾಗಿ ತಾಗಿತು" ಎನ್ನುತ್ತಾರೆಯೇ ಹೊರತು "ಚಿಪ್ಪು ಎಷ್ಟು ಚೆನ್ನಾಗಿ ತಡೆದುಕೊಂಡಿತು" ಎಂದು ಯಾರಾದರೂ ಹೇಳಿದ್ದುಂಟೆ? ನಾನಂತೂ ಕೇಳಿಲ್ಲ. ಇಷ್ಟು ವಯಸ್ಸಾದ ಮೇಲೂ ಆ ಬೇಸರ ನನಗೆ ಪೂರ್ತಿ ಹೋಗಿಲ್ಲ.

ನಾನು ಹುಟ್ಟಿದ್ದು ದೂರದ ಒಂದು ಕಾರ್ಖಾನೆಯಲ್ಲಿ. ತಾಮ್ರ ನನ್ನ ಅಪ್ಪ, ಸತು ನನ್ನ ಅವ್ವ. ಮೊದಲು ನಾನೊಂದು ಬಿಲ್ಲೆಯಾಗಿದ್ದೆ. ಆಮೇಲೆ ಬಟ್ಟಲಾದೆ. ಬಟ್ಟಲನ್ನು ಒತ್ತಿ, ಕಾಯಿಸಿ, ಎಳೆದು, ಮತ್ತೆ ಒತ್ತಿ ಕೊಳವೆ ಮಾಡಿದರು. ಕೊನೆಗೆ ಭುಜ ಇಳಿಸಿ ಕುತ್ತಿಗೆ ಕೊಟ್ಟರು. ಕುತ್ತಿಗೆ ಬಂದ ದಿನ ನನಗೆ ಬಹಳ ಹೆಮ್ಮೆಯಾಯಿತು. ಚೆಂಬಿಗೂ ಕುತ್ತಿಗೆ ಉಂಟು, ಆದರೆ ಅದು ನನ್ನಷ್ಟು ಸಣ್ಣಗಿಲ್ಲ. ಅಲ್ಲಿಂದ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ಕತ್ತಲೆಯಲ್ಲೇ ಪ್ರಯಾಣ ಮಾಡಿ ಮಡಿಕೇರಿಯ ಕೋವಿ ಅಂಗಡಿಗೆ ಬಂದೆ. ಪೆಟ್ಟಿಗೆಯ ಮುಚ್ಚಳ ತೆರೆದು ಮೊದಲು ನನ್ನ ಮೇಲೆ ಬಗ್ಗಿದ ಮುಖ ಚಂಗಪ್ಪನದು.

ಚಂಗಪ್ಪ ಸೈನ್ಯದಲ್ಲಿ ಕೋವಿ ರಿಪೇರಿ ಮಾಡುತ್ತಿದ್ದವನು. ನಿವೃತ್ತಿಯಾಗಿ ಊರಿಗೆ ಬಂದು ಕಾಫಿ, ಕರಿಮೆಣಸು ನೋಡಿಕೊಳ್ಳುತ್ತಿದ್ದರೂ ಕೈ ಮಾತ್ರ ಹಳೆಯ ಕೆಲಸವನ್ನೇ ಹುಡುಕುತ್ತಿತ್ತು. ಮಾತು ಕಡಿಮೆ, ಮೀಸೆ ಜಾಸ್ತಿ. ಹಳೆಯದನ್ನು ಬಿಸಾಡುವುದೆಂದರೆ ಅವನಿಗೆ ಪ್ರಾಣಸಂಕಟ. ಬೇರೆಯವರ ಮನೆಗಳಲ್ಲಿ ಒಂದು ಸಲ ಹೊಡೆದ ಚಿಪ್ಪು ಗುಜರಿಗೆ ಹೋಗುತ್ತದೆ, ಇಲ್ಲವೇ ಕೆಸರಲ್ಲಿ ಹೂತುಹೋಗುತ್ತದೆ. ಚಂಗಪ್ಪ ಹಾಗಲ್ಲ. ನಾನು ಮೊದಲ ಸಲ ಕೋವಿಯಿಂದ ಹೊರಗೆ ಬಿದ್ದಾಗ, ಬಿಸಿ ತಾಳಲಾರದೆ ಹುಲ್ಲಿನಲ್ಲಿ ಚುಂಯ್ ಎನ್ನುತ್ತಿದ್ದಾಗ, ಹೆಗಲ ಟವಲಿನಲ್ಲಿ ನನ್ನನ್ನು ಎತ್ತಿಕೊಂಡು ಸೊಂಟಕ್ಕೆ ಕಟ್ಟಿದ. ನನ್ನ ಕಥೆ ಮುಗಿಯಿತು ಎಂದುಕೊಂಡಿದ್ದೆ. ಅದು ಶುರುವಾದದ್ದೇ ಆಗ.

ಮನುಷ್ಯರು ಪುನರ್ಜನ್ಮ ಉಂಟೋ ಇಲ್ಲವೋ ಎಂದು ವಾದ ಮಾಡುತ್ತಾರೆ. ನನಗೆ ಆ ವಾದವೇ ಬೇಡ. ಪ್ರತಿ ವರ್ಷ ಆಗಸ್ಟ್ ಕೊನೆಯಲ್ಲಿ, ಕೈಲ್‌ಪೊಳ್ದ್ ಹಬ್ಬಕ್ಕೆ ಮುಂಚೆ, ಆ ಮನೆಯ ಹಿಂದಿನ ಜಗಲಿಯಲ್ಲಿ ನಾನು ಮತ್ತೆ ಹುಟ್ಟುತ್ತಿದ್ದೆ. ಕೈಲ್‌ಪೊಳ್ದ್ ಎಂದರೆ ಕೊಡಗಿನವರು ಕೋವಿ, ಕತ್ತಿಗಳಿಗೆ ಹೂವಿಟ್ಟು ಪೂಜೆ ಮಾಡುವ ದಿನ. ಅಂದು ಮಧ್ಯಾಹ್ನ ಊರ ಮೈದಾನದಲ್ಲಿ ಎತ್ತರದ ಮರದ ತುದಿಗೆ ತೆಂಗಿನಕಾಯಿ ಕಟ್ಟಿ ಅದಕ್ಕೆ ಗುಂಡು ಹೊಡೆಯುವ ಪಂದ್ಯ. ಅದಕ್ಕಾಗಿ ನಮ್ಮನ್ನು ತಯಾರು ಮಾಡಬೇಕು.

ಮೊದಲು ಚಂಗಪ್ಪ ನನ್ನ ಬುಡದ ಸತ್ತ ಕೇಪನ್ನು ಸಣ್ಣ ಮೊಳೆಯಿಂದ ಹೊರಕ್ಕೆ ತಳ್ಳುತ್ತಿದ್ದ. ಆಮೇಲೆ ತೊಳೆಯುವ ಕೆಲಸ. ಅದು ಅವನ ಹೆಂಡತಿ ಮುತ್ತವ್ವನ ಪಾಲು. ಹುಣಸೆಹಣ್ಣು ಅಡುಗೆಮನೆಯದು ಎಂಬ ಕಾರಣಕ್ಕೆ ಆ ಕೆಲಸ ಅವಳ ಪಾಲಿಗೆ ಬಂದಿತ್ತು. "ಮನುಷ್ಯರ ಸಾರಿಗೆ ಹುಣಸೆ ಇಲ್ಲದಿದ್ದರೂ ಅಡ್ಡಿಯಿಲ್ಲ, ಈ ಹೊಗೆ ಕುಡಿದ ಮೂತಿಗಳಿಗೆ ಬೇಕು" ಎಂದು ಗೊಣಗುತ್ತಲೇ ನಮ್ಮ ಒಂದೊಂದರ ಒಳಗೂ ಬಟ್ಟೆ ಸುತ್ತಿದ ಕಡ್ಡಿ ತೂರಿಸಿ ತಿಕ್ಕುತ್ತಿದ್ದಳು. ಬಯ್ಯುತ್ತಿದ್ದ ಬಾಯಿಗೂ ತಿಕ್ಕುತ್ತಿದ್ದ ಕೈಗೂ ಸಂಬಂಧವೇ ಇರುತ್ತಿರಲಿಲ್ಲ. ಅಷ್ಟು ಮೃದುವಾದ ಕೈ. ತೊಳೆದ ಮೇಲೆ ಒಲೆಯ ಮೇಲಿನ ಅಟ್ಟಣೆಯಲ್ಲಿ, ಬಿದಿರ ಬುಟ್ಟಿಯಲ್ಲಿ ನಮ್ಮನ್ನು ಒಣಗಲು ಬಿಡುತ್ತಿದ್ದರು. ದಿನಗಟ್ಟಲೆ. ಚಂಗಪ್ಪ ಅವಸರ ಮಾಡುತ್ತಿರಲಿಲ್ಲ. ಕೇಪು ಕೂರುವ ಆ ಸಣ್ಣ ಗುಂಡಿಯಲ್ಲಿ ಒಂದು ಹನಿ ನೀರು ಉಳಿದರೂ ಕೆಲಸ ಕೆಟ್ಟಿತು ಎಂದು ಮುತ್ತವ್ವನಿಗೆ ಎಷ್ಟು ಸಲ ಹೇಳಿದ್ದನೋ.

ಒಣಗಿದ ಮೇಲೆ ಉಮಿ ತುಂಬಿದ ಡಬ್ಬಿಯಲ್ಲಿ ಹಾಕಿ ಅಲ್ಲಾಡಿಸುವುದು. ಅದು ನಮಗೆ ಖುಷಿಯ ಹೊತ್ತು, ಮೈಯೆಲ್ಲ ಮಿರಿಮಿರಿ ಮಿಂಚುತ್ತಿತ್ತು. ಆಮೇಲೆ ಬೆಂಕಿ. ಪದೇ ಪದೇ ಉಬ್ಬಿ ಕುಗ್ಗಿದ ಹಿತ್ತಾಳೆ ಬಿರುಸಾಗಿ ಸೀಳುತ್ತದೆ, ಆದ್ದರಿಂದ ನನ್ನ ಕುತ್ತಿಗೆಯನ್ನು ದೀಪದ ಉರಿಗೆ ಹಿಡಿದು, ಬಣ್ಣ ತಿರುಗಿದ ಕೂಡಲೇ ನೀರಿಗೆ ಬಿಡುತ್ತಿದ್ದ. ಹಿತ್ತಾಳೆ ಮತ್ತೆ ಮೆದುವಾಗುತ್ತಿತ್ತು. ನೀರಿಗೆ ಬಿದ್ದವರು ಮತ್ತೆ ಬುಟ್ಟಿಗೆ, ಮತ್ತೆ ಒಲೆಯ ಮೇಲೆ. ಅಲ್ಲಿಂದ ಬಂದ ಮೇಲೆ ಅಚ್ಚಿಗೆ ಹಾಕಿ ಒತ್ತಿ ಹಳೆಯ ಅಳತೆಗೆ ತರುವುದು, ಉದ್ದ ಬೆಳೆದ ಬಾಯನ್ನು ಅರದಿಂದ ಸವೆಸುವುದು.

ಎಲ್ಲಕ್ಕಿಂತ ಭಯದ ಕೆಲಸ ಕೊನೆಯದು. ತುದಿ ಬಗ್ಗಿಸಿದ ಒಂದು ತಂತಿಯನ್ನು ನಮ್ಮ ಒಳಗೆ ಇಳಿಸಿ, ಕಣ್ಣು ಮುಚ್ಚಿಕೊಂಡು, ಗೋಡೆಗೆ ತಾಗಿಸಿ ಮೇಲಕ್ಕೆಳೆಯುತ್ತಿದ್ದ. ಎಲ್ಲಾದರೂ ತಂತಿ ತಡೆದರೆ ಅಲ್ಲಿ ಒಳಗಿಂದ ಬಿರುಕು ಶುರುವಾಗಿದೆ ಎಂದರ್ಥ. ಅಂಥ ಚಿಪ್ಪನ್ನು ಅವನು ಅಲ್ಲೇ ಸುತ್ತಿಗೆಯಿಂದ ಚಪ್ಪಟೆ ಮಾಡಿಬಿಡುತ್ತಿದ್ದ, ಮತ್ತೆ ಯಾರೂ ತಪ್ಪಿ ಅದಕ್ಕೆ ಮದ್ದು ತುಂಬಬಾರದೆಂದು. ನನ್ನ ಜೊತೆಯಲ್ಲಿ ಬಂದವರು ಒಬ್ಬೊಬ್ಬರಾಗಿ ಹೀಗೆ ಹೋದರು. ನನ್ನ ಸರದಿ ಬಂದಾಗಲೆಲ್ಲ ನಾನು ಉಸಿರು ಹಿಡಿದು ನಿಲ್ಲುತ್ತಿದ್ದೆ. ತಂತಿ ಜಾರಿ ಹೊರಗೆ ಬರುತ್ತಿತ್ತು. ಚಂಗಪ್ಪ ನನ್ನನ್ನು ಬಲಗಡೆ ಇಡುತ್ತಿದ್ದ.

ಆ ಮನೆಗೆ ಬರುತ್ತಿದ್ದವರಲ್ಲಿ ನಮಗೆಲ್ಲ ಬೇಕಾದವನೆಂದರೆ ಬೆಳ್ಳಿಯಪ್ಪ. ಮುತ್ತವ್ವನ ಅಣ್ಣ. ಮನೆಯ ಕೆಳಗೆ ಹರಿಯುವ ತೋಡಿನ ಆಚೆಯ ಗುಡ್ಡದಲ್ಲಿ ಅವನ ಮನೆ. ಅವನೂ ಚಂಗಪ್ಪನೂ ಚಿಕ್ಕಂದಿನಿಂದ ಒಂದೇ ತಟ್ಟೆಯಲ್ಲಿ ಉಂಡವರು. ತಂಗಿಯನ್ನು ಗೆಳೆಯನಿಗೆ ಕೊಟ್ಟದ್ದೇ ಗೆಳೆಯ ದೂರ ಹೋಗಬಾರದೆಂದು ಎಂದು ಊರವರು ತಮಾಷೆ ಮಾಡುತ್ತಿದ್ದರು. ಒಬ್ಬರನ್ನೊಬ್ಬರು ಬಾವ ಎಂದೇ ಕರೆಯುತ್ತಿದ್ದರು. ಬೆಳ್ಳಿಯಪ್ಪ ಊರಿಗೇ ಒಳ್ಳೆಯ ಗುರಿಕಾರ. ಚಂಗಪ್ಪ ತಯಾರು ಮಾಡಿದ ತೋಟಾ, ಬೆಳ್ಳಿಯಪ್ಪನ ಕಣ್ಣು, ಎರಡೂ ಸೇರಿದರೆ ಮರದ ಮೇಲಿನ ಕಾಯಿ ಉಳಿಯುತ್ತಿರಲಿಲ್ಲ.

ಆ ವರ್ಷದ ಪಂದ್ಯಕ್ಕೆ ಚಂಗಪ್ಪ ಬಾವನಿಗೆಂದು ಆರಿಸಿ ಕೊಟ್ಟದ್ದು ನನ್ನನ್ನು. ನನ್ನ ಭುಜದ ಮೇಲೆ ಒಂದು ಸಣ್ಣ ತಗ್ಗು ಉಂಟು, ಅದರ ಗುರುತು ಹಿಡಿದು "ಇದು ತೆಗೆದುಕೋ, ಎಂದೂ ಕೈ ಕೊಟ್ಟದ್ದಲ್ಲ" ಎಂದ. ನನಗೆ ನೆಲದ ಮೇಲೆ ಕಾಲೇ ನಿಲ್ಲಲಿಲ್ಲ, ಕಾಲಿಲ್ಲದಿದ್ದರೂ. ಬೆಳ್ಳಿಯಪ್ಪ ಕೋವಿ ಎತ್ತಿದ. ಬಹಳ ಹೊತ್ತು ಗುರಿ ನೋಡಿದ. ಮಾಮೂಲಿಗಿಂತ ಬಹಳ ಹೊತ್ತು. ಹೊಡೆದ. ನಾನು ನನ್ನ ಕೆಲಸವನ್ನು ಒಂದಿಷ್ಟೂ ಕಡಿಮೆ ಮಾಡಲಿಲ್ಲ. ನಳಿಗೆ ಯಾವ ಕಡೆ ನೋಡುತ್ತಿತ್ತೋ ಆ ಕಡೆಗೇ ಗುಂಡನ್ನು ಕಳಿಸಿದೆ. ತೆಂಗಿನಕಾಯಿ ಮರದ ಮೇಲೆ ಹಾಗೇ ನಿಂತಿತ್ತು. ಗುಂಡು ಹೋದದ್ದು ಪಕ್ಕದ ಎಲೆಗಳೊಳಕ್ಕೆ.

ಬೆಳ್ಳಿಯಪ್ಪ ನನ್ನನ್ನು ಕೋವಿಯಿಂದ ತೆಗೆದು, ತಿರುಗಿಸಿ ನೋಡಿ, ಎಲ್ಲರಿಗೂ ಕೇಳುವಂತೆ ಹೇಳಿದ.

"ಬಾವ, ನಿನ್ನ ತೋಟಾದಲ್ಲಿ ಎಂತದೋ ಐಬು ಉಂಟು."

ಚಂಗಪ್ಪನಿಗೆ ಏನು ಬೇಕಾದರೂ ಅನ್ನಬಹುದಿತ್ತು, ಇದೊಂದನ್ನು ಬಿಟ್ಟು. ಅವನ ಮೀಸೆ ನಡುಗಿತು.

"ತೋಟಾದಲ್ಲಿ ಇಲ್ಲ. ಹಿಡಿದ ಕೈಯಲ್ಲಿ ಉಂಟು."

ನೆರೆದವರು ನಕ್ಕರು. ಆ ನಗು ಇಲ್ಲದಿದ್ದರೆ ಸಂಜೆಗೆ ಎಲ್ಲ ಸರಿಹೋಗುತ್ತಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ. ಬೆಳ್ಳಿಯಪ್ಪ ಕೋವಿಯನ್ನು ಮರಕ್ಕೆ ಒರಗಿಸಿ, ನನ್ನನ್ನು ಅದರ ಬುಡದಲ್ಲಿಟ್ಟು ಹೊರಟೇಹೋದ. ತಂಗಿಯ ಮನೆಯಲ್ಲಿ ಹಂದಿ ಸಾರೂ ಅಕ್ಕಿಯುಂಡೆ ಕಡಂಬುಟ್ಟೂ ಅವನಿಗಾಗಿ ಕಾದಿದ್ದವು. ಹಬ್ಬದ ದಿನ ತಂಗಿಯ ಮನೆಯ ಊಟ ಬಿಟ್ಟು ಹೋದ ಮೇಲೆ ಅದು ಬರೀ ಮುನಿಸಾಗಿ ಉಳಿಯಲಿಲ್ಲ. ಇಬ್ಬರೂ ಮಾತು ಬಿಟ್ಟರು. ಸಂತೆಯಲ್ಲಿ ಎದುರಾದರೆ ಒಬ್ಬ ಬಾಳೆಹಣ್ಣು ನೋಡುತ್ತಿದ್ದ, ಇನ್ನೊಬ್ಬ ಆಕಾಶ.

ನಡುವೆ ಸಿಕ್ಕಿಬಿದ್ದವಳು ಮುತ್ತವ್ವ. ತವರಿಗೆ ಹೋದರೆ ಗಂಡನ ಮುಖ ಊದುತ್ತಿತ್ತು, ಹೋಗದಿದ್ದರೆ ಎದೆಯಲ್ಲಿ ಸಂಕಟ. ನಮ್ಮನ್ನು ತೊಳೆಯುವಾಗ ಜಗಲಿಯ ತುದಿಯಿಂದ ತೋಡಿನಾಚೆಯ ಗುಡ್ಡ ಕಾಣುತ್ತಿತ್ತು. ಅಣ್ಣನ ಮನೆಯ ಹೊಗೆ ಏಳುವುದನ್ನು ನೋಡುತ್ತ ಕೈ ನಿಲ್ಲಿಸಿಬಿಡುತ್ತಿದ್ದಳು. ಇಬ್ಬರಲ್ಲಿ ಒಬ್ಬರು ಕಣ್ಣು ಮುಚ್ಚುವ ಮೊದಲು ಒಂದು ಮಾತು, ಬರೀ ಒಂದು ಮಾತು ಆಡಿದರೆ ಸಾಕು ಎಂದು ಅವಳು ದೇವರಿಗೆ ಹೇಳಿಕೊಳ್ಳುವುದನ್ನು ನಾನು ಅವಳ ಅಂಗೈಯೊಳಗಿಂದಲೇ ಕೇಳಿದ್ದೇನೆ.

ಈ ಗಂಡಸರ ಹಟ ಎಂಥದೆಂದು ಹೇಳುತ್ತೇನೆ ಕೇಳಿ. ಜಗಳವಾದ ಮರು ವರ್ಷದ ಹಬ್ಬಕ್ಕೂ ಚಂಗಪ್ಪ ನನ್ನನ್ನು ಎಲ್ಲರಿಗಿಂತ ಮೊದಲು ಕೈಗೆತ್ತಿಕೊಂಡ. ತೊಳೆಸಿದ, ಕಾಯಿಸಿದ, ಅರ ಹಾಕಿದ, ತಂತಿ ಇಳಿಸಿ ನೋಡಿದ. ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು. ಆಮೇಲೆ ಬಿಳಿ ಬಟ್ಟೆಯ ತುಂಡಿನಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು ಮೈದಾನಕ್ಕೆ ಹೋದ. ಯಾರಿಗೂ ಕೊಡಲಿಲ್ಲ. ಪಂದ್ಯ ಮುಗಿಯುವವರೆಗೂ ಹಾದಿ ನೋಡಿದ. ಬೆಳ್ಳಿಯಪ್ಪ ಬರಲಿಲ್ಲ. ಎಲ್ಲರೂ ಹೋದ ಮೇಲೆ ನನ್ನನ್ನು ಕೋವಿಗೆ ಹಾಕಿ, ದಿಬ್ಬದ ಮಣ್ಣಿಗೆ ಒಂದು ಗುಂಡು ಹೊಡೆದು ಮನೆಗೆ ಬಂದ. ಮುಂದಿನ ವರ್ಷವೂ ಹೀಗೇ. ಅದರ ಮುಂದಿನ ವರ್ಷವೂ. ಮನೆಯಲ್ಲಿ ನನಗೆ "ಬಾವನ ತೋಟಾ" ಎಂದೇ ಹೆಸರಾಯಿತು. ಇಷ್ಟೆಲ್ಲ ಮಾಡುವವನಿಗೆ ತೋಡು ದಾಟಿ ಹೋಗಿ ಬಾಗಿಲು ತಟ್ಟಲು ಏನು ದಾಡಿ ಎಂದು ನನಗೆ ಕೋಪ ಬರುತ್ತಿತ್ತು. ಒಂದು ಕಿರುಚು ಕಿರುಚೋಣವೆಂದರೆ ನನಗೆ ದನಿ ಇರುವುದು ಕೋವಿಯೊಳಗೆ ಮಾತ್ರ.

ನಮ್ಮ ಊರಿನ ಒಂದು ಕಟ್ಟಳೆಯನ್ನು ಇಲ್ಲಿ ಹೇಳಬೇಕು. ಮನೆಯಲ್ಲಿ ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಆಕಾಶಕ್ಕೆ ಒಂದು ಗುಂಡಿನ ಸದ್ದು ಮಾಡುತ್ತಾರೆ. ಸಾವಾದರೆ ಎರಡು, ಒಂದರ ಹಿಂದೆ ಒಂದು. ಒಂದು ಕೇಳಿದವರು ನಗುತ್ತಾರೆ, ಮನಸ್ಸಿದ್ದವರು ಹೋಗಿ ಮಗು ನೋಡಿ ಬರುತ್ತಾರೆ. ಎರಡು ಕೇಳಿದರೆ ಹಾಗಲ್ಲ. ಎಷ್ಟೇ ಹಗೆ ಇರಲಿ, ಮನೆಗೊಬ್ಬರು ಕೈಯಲ್ಲಿದ್ದ ಕೆಲಸ ಬಿಟ್ಟು ಹೊರಡಲೇಬೇಕು.

ಒಮ್ಮೆ ಜಗಲಿಯಲ್ಲಿ ನನ್ನ ಬಾಯಿಗೆ ಅರ ಹಾಕುತ್ತ ಚಂಗಪ್ಪ ಹೇಳಿದ, ತಾನು ಸತ್ತಾಗ ಎರಡು ಹೊಡೆಯುತ್ತಾರಲ್ಲ, ಆಗ ಬರಲೇಬೇಕಲ್ಲ ಅವನು ಎಂದು. ನಗೆಯಾಡಲು ಹೇಳಿದ್ದು. ಮುತ್ತವ್ವ ನಗಲಿಲ್ಲ.

"ಹಾಗೆ ಬಂದರೆ ಬಂದದ್ದು ನಿಮಗಲ್ಲ, ಕಟ್ಟಳೆಗೆ."

ಚಂಗಪ್ಪ ಅರವನ್ನು ಕೆಳಗಿಟ್ಟು ಎದ್ದುಹೋದ. ಅಂದು ನನ್ನ ಬಾಯಿ ಅರ್ಧ ಸವೆದೇ ಉಳಿಯಿತು.

ಜಗಳವಾಗಿ ಏಳೆಂಟು ವರ್ಷವಾಗಿರಬೇಕು, ಮಗಳು ಪೂವಿ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ದಿನ ತುಂಬಿತ್ತು. ಇವತ್ತೋ ನಾಳೆಯೋ ಎಂದು ಊರೇ ಕಿವಿ ನೆಟ್ಟು ಕೂತಿತ್ತು. ಹಬ್ಬವೂ ಹತ್ತಿರ ಬಂದಿತ್ತು. ಚಂಗಪ್ಪ ನನ್ನನ್ನು ಕಾಯಿಸಿ ನೀರಿಗೆ ಬಿಟ್ಟು, ಎತ್ತಿ, ಬುಟ್ಟಿಯಲ್ಲಿ ಒಲೆಯ ಮೇಲಿಟ್ಟಿದ್ದ. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತ ಕೂತಿದ್ದವನು ಎದೆ ಹಿಡಿದುಕೊಂಡ. ಲೋಟ ಉರುಳಿದ ಸದ್ದು ನನಗೆ ಅಟ್ಟಣೆಯ ಮೇಲೆ ಕೇಳಿಸಿತು. ಆಮೇಲೆ ಮುತ್ತವ್ವ ಅವನ ಹೆಸರು ಹಿಡಿದು ಕೂಗಿದಳು. ಗಂಡನ ಹೆಸರನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

ಪಕ್ಕದ ಮನೆಯ ಕಾಳಪ್ಪ ಓಡಿ ಬಂದ. ನಾಡಿ ನೋಡಿ ತಲೆಯಾಡಿಸಿದ. ನಡುಮನೆಯಲ್ಲಿ ಚಾಪೆ ಹಾಸಿದರು. ಎರಡು ಸದ್ದು ಮಾಡಬೇಕೆಂದು ಕಾಳಪ್ಪ ಕೋವಿ ತೆಗೆದ. ಇಂಥ ಹೊತ್ತಿಗೆಂದು ಗುಂಡಿಲ್ಲದೆ, ಮದ್ದು ತುಂಬಿ ಬಾಯಿಗೆ ಮೇಣ ಮುಚ್ಚಿದ ತೋಟಾಗಳನ್ನು ಚಂಗಪ್ಪ ಪೆಟ್ಟಿಗೆಯಲ್ಲಿ ಇಟ್ಟಿರುತ್ತಿದ್ದ. ನೋಡಿದರೆ ಅಲ್ಲಿ ಇದ್ದದ್ದು ಒಂದೇ. ಮೊಮ್ಮಗ ಹುಟ್ಟಿದರೆ ಬೇಕೆಂದು ಒಂದನ್ನು ತಯಾರು ಮಾಡಿಟ್ಟಿದ್ದ. ಎರಡು ಬೇಕಾಗಬಹುದೆಂದು ಪಾಪ ಅವನಿಗೇನು ಗೊತ್ತು.

ಕಾಳಪ್ಪ ತನ್ನ ಮನೆಯಿಂದ ಜೋಡಿ ನಳಿಗೆಯ ಕೋವಿ ತರುತ್ತೇನೆ ಎಂದ. ಮುತ್ತವ್ವ ಬೇಡ ಎಂದಳು. ಅವರು ಹೋಗುವುದು ಅವರ ತೋಟಾದ ಸದ್ದಿನಲ್ಲೇ ಹೋಗಲಿ ಎಂದಳು. ಅಟ್ಟಣೆಗೆ ಕೈ ಚಾಚಿ ಬುಟ್ಟಿ ಇಳಿಸಿದಳು. ಬೆರಳಿಗೆ ನನ್ನ ಭುಜದ ತಗ್ಗು ಸಿಕ್ಕಿತು. ಒಂದು ಗಳಿಗೆ ನಿಂತು, ನನ್ನನ್ನೇ ಎತ್ತಿಕೊಂಡಳು. ಬಾವನ ತೋಟಾ ಹೊಡೆದು ಬಾವನನ್ನು ಕರೆಯೋಣ ಎಂದು ಅವಳಿಗೆ ಅನ್ನಿಸಿರಬೇಕು.

ನಾನು ಪೂರ್ತಿ ಒಣಗಿರಲಿಲ್ಲ. ಅದು ನನಗೆ ಗೊತ್ತು, ಕೇಪಿನ ಗುಂಡಿಯಲ್ಲಿ ತಣ್ಣಗೆ ಒಂದು ಹನಿ ಕೂತಿತ್ತು. ಮುತ್ತವ್ವನಿಗೂ ಗೊತ್ತಾಗಬೇಕಿತ್ತು, ಇಷ್ಟು ವರ್ಷ ಕೇಳಿ ಕೇಳಿ ಅವಳ ಕಿವಿ ಸವೆದಿತ್ತು. ಆದರೆ ಕಣ್ಣಿನ ತುಂಬ ನೀರು ತುಂಬಿಕೊಂಡವಳಿಗೆ ನನ್ನೊಳಗಿನ ಒಂದು ಹನಿ ಎಲ್ಲಿ ಕಾಣಬೇಕು? ಕೇಪು ಒತ್ತಿದಳು, ಮದ್ದು ಹಾಕಿದಳು, ಬಾಯಿಗೆ ಮೇಣ ಮುಚ್ಚಿದಳು. ನಾನು ಬೇಡ ಬೇಡ ಎಂದು ಎಷ್ಟು ಹೇಳಿಕೊಂಡರೂ ಯಾರಿಗೆ ಕೇಳುತ್ತದೆ.

ಕಾಳಪ್ಪ ಅಂಗಳಕ್ಕಿಳಿದು ಮೊದಲಿನದನ್ನು ಹೊಡೆದ. ಢಂ ಎಂದಿತು, ಗುಡ್ಡದಿಂದ ಗುಡ್ಡಕ್ಕೆ ಹೋಯಿತು. ನನ್ನನ್ನು ಒಳಗೆ ಹಾಕಿದ. ಕುದುರೆ ಎಳೆದ. ನನ್ನ ಬುಡಕ್ಕೆ ಪೆಟ್ಟು ಬಿತ್ತು. ಟಿಕ್. ಅಷ್ಟೇ. ಮತ್ತೊಮ್ಮೆ ಎಳೆದ. ಟಿಕ್. ಎಂದೂ ಕೈ ಕೊಡದ ನಾನು, ನನ್ನನ್ನು ಮಗುವಿನಂತೆ ಸಾಕಿದವನು ಹೊರಟ ದಿನವೇ ಕೈ ಕೊಟ್ಟೆ. ಆ ನಾಚಿಕೆಯನ್ನು ಹೇಗೆ ಹೇಳಲಿ. ಕಾಳಪ್ಪ ನನ್ನನ್ನು ಹೊರಗೆ ತೆಗೆದು ಜಗಲಿಯ ಮೇಲಿಟ್ಟು, ಜೋಡಿ ನಳಿಗೆ ತರಲು ಮನೆಗೆ ಓಡಿದ. ಮುತ್ತವ್ವ ನನ್ನನ್ನು ಎತ್ತಿ ಮುಷ್ಟಿಯಲ್ಲಿ ಹಿಡಿದುಕೊಂಡು ಗಂಡನ ತಲೆಯ ಬಳಿ ಕೂತಳು.

ಊರಿಗೆ ಕೇಳಿಸಿದ್ದು ಒಂದೇ ಸದ್ದು. ತುಂಬು ಬಸುರಿ ಇರುವ ಮನೆಯಿಂದ ಒಂದೇ ಸದ್ದು. ಯಾರು ತಾನೇ ಬೇರೆ ಏನು ತಿಳಿಯುತ್ತಾರೆ?

ಕಾಳಪ್ಪ ಇನ್ನೂ ತಿರುಗಿ ಬಂದಿರಲಿಲ್ಲ. ಗೇಟಿನ ಕಡೆಯಿಂದ ಯಾರೋ ಏದುಸಿರು ಬಿಡುತ್ತ ಬರುವುದು ಕೇಳಿಸಿತು. ಬೆಳ್ಳಿಯಪ್ಪ. ತೋಡಿನ ನೀರಿಗೆ ಪಂಚೆ ಮೊಣಕಾಲವರೆಗೆ ನೆನೆದಿತ್ತು, ತೋಡು ದಾಟುವ ಸಂಕದ ದಾರಿ ಬಳಸಾಗುತ್ತದೆಂದು ನೀರಿಗೇ ಇಳಿದು ಬಂದಿದ್ದ. ಅಂಗಿಯ ಗುಂಡಿ ಮೇಲೆ ಕೆಳಗಾಗಿತ್ತು. ಮುಖವೆಲ್ಲ ನಗು. ಕೈಯಲ್ಲಿ ಒಂದು ಪುಟ್ಟ ಬಿಲ್ಲು. ಗಂಡು ಮಗು ಹುಟ್ಟಿದರೆ ಹರಳು ಗಿಡದ ಕಡ್ಡಿಯಿಂದ ಬಿಲ್ಲು ಬಾಣ ಮಾಡಿ ಅದರ ಕೈಗೆ ಮುಟ್ಟಿಸುವುದು ಅವರಲ್ಲಿ ಪದ್ಧತಿ. ಆಗಷ್ಟೇ ಕಡಿದ ಕಡ್ಡಿ, ತುದಿಯಲ್ಲಿ ಇನ್ನೂ ರಸ ಜಿನುಗುತ್ತಿತ್ತು.

"ಮುತ್ತಾ, ಎಲ್ಲಿ ನನ್ನ ಹುಲಿಮರಿ?" ಎನ್ನುತ್ತಲೇ ಹೊಸ್ತಿಲು ದಾಟಿದ.

ಮುಂದಿನದನ್ನು ನಾನು ನೋಡಲಿಲ್ಲ, ಮುತ್ತವ್ವನ ಮುಷ್ಟಿ ಗಟ್ಟಿಯಾಗಿ ಮುಚ್ಚಿಕೊಂಡಿತು. ಆ ಮುಷ್ಟಿ ಸಡಿಲವಾದಾಗ ಬೆರಳ ಸಂದಿಯಿಂದ ಕಂಡದ್ದು ಇಷ್ಟು. ಬೆಳ್ಳಿಯಪ್ಪ ಚಾಪೆಯ ಪಕ್ಕ ಕುಸಿದು ಕೂತಿದ್ದ. ಬಿಲ್ಲನ್ನು ಬೆನ್ನ ಹಿಂದೆ ಅಡಗಿಸಿಟ್ಟುಕೊಂಡಿದ್ದ, ಕದ್ದು ಸಿಕ್ಕಿಬಿದ್ದವನ ಹಾಗೆ. ತಾನು ನಗುತ್ತ ಬಂದೆನಲ್ಲ, ಸತ್ತ ಮನೆಗೆ ನಗುತ್ತ ಬಂದೆನಲ್ಲ ಎಂದು ಅದನ್ನೇ ಹೇಳಿಕೊಳ್ಳುತ್ತಿದ್ದ.

ಆಮೇಲೆ ಚಂಗಪ್ಪನ ಕಡೆ ಬಗ್ಗಿದ. ಅಷ್ಟು ವರ್ಷ ಆಡದೆ ಉಳಿದ ಆ ಒಂದು ಮಾತನ್ನು ಈಗ ಆಡಿದ.

"ಬಾವ, ಅಂದು ನಂಗೆ ಕಾಯಿ ಎರಡೆರಡು ಕಂಡಿತು. ಯಾವುದಕ್ಕೆ ಹೊಡೆಯೋದು ಗೊತ್ತಾಗಲಿಲ್ಲ. ಕಣ್ಣಿಗೆ ಪೊರೆ ಬಂದಿತ್ತು. ಗುರಿಕಾರನ ಕಣ್ಣು ಹೋಯ್ತು ಅಂತ ಹೇಳಿಸಿಕೊಳ್ಳೋಕೆ ಆಗದೆ ನಿನ್ನ ತೋಟಾದ ಮೇಲೆ ಹಾಕಿದೆ."

ಆಮೇಲೆ ಮೈಸೂರಿಗೆ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದಿದ್ದನಂತೆ, ಊರಲ್ಲಿ ಯಾರಿಗೂ ಹೇಳದೆ. ಕಣ್ಣು ಸರಿಹೋಯಿತು. ಹೇಳಿದ ಸುಳ್ಳನ್ನು ಸರಿಮಾಡುವ ದಾರಿ ಮಾತ್ರ ಸಿಗಲಿಲ್ಲ.

ಮುತ್ತವ್ವ ನನ್ನನ್ನು ಅಣ್ಣನ ಅಂಗೈಯಲ್ಲಿಟ್ಟಳು. ಅವನು ಭುಜದ ತಗ್ಗು ನೋಡಿ ಗುರುತು ಹಿಡಿದ. ಪ್ರತಿ ಹಬ್ಬಕ್ಕೂ ಇದನ್ನು ತಯಾರು ಮಾಡಿ ಬಟ್ಟೆಯಲ್ಲಿ ಸುತ್ತಿಕೊಂಡು ಮೈದಾನದಲ್ಲಿ ಕಾಯುತ್ತಿದ್ದರು ಎಂದು ಅವಳು ಹೇಳಿದಳು. ಇಂದು ಇದಕ್ಕೆ ಮದ್ದು ತುಂಬಿದ್ದು ತಾನು, ಒಣಗಿದ್ದು ಸಾಲದೆ ಸದ್ದೇ ಬರಲಿಲ್ಲ, ಅವರ ಕೆಲಸದಲ್ಲಿ ತಪ್ಪಿಲ್ಲ ಎಂದೂ ಹೇಳಿದಳು. ಗಂಡ ಸತ್ತು ಗಂಟೆಯಾಗಿರಲಿಲ್ಲ, ಅವನ ಕೆಲಸದ ಮರ್ಯಾದೆ ಕಾಯುತ್ತಿದ್ದಳು ಆ ಹೆಂಗಸು.

ಬೆಳ್ಳಿಯಪ್ಪ ಮತ್ತೆ ತಾನು ನಗುತ್ತ ಬಂದದ್ದನ್ನೇ ಹಿಡಿದುಕೊಂಡು ಅಳತೊಡಗಿದ. ಮುತ್ತವ್ವ ಅವನ ಬೆನ್ನ ಹಿಂದೆ ಕೈ ಹಾಕಿ ಆ ಬಿಲ್ಲನ್ನು ತೆಗೆದುಕೊಂಡಳು.

"ಅಳಬೇಡ ಅಣ್ಣ. ಎರಡು ಕೇಳಿದ್ದರೆ ನೀನು ಬರಲೇಬೇಕಿತ್ತು. ಒಂದಕ್ಕೆ ಬಂದೆಯಲ್ಲ."

ಅದನ್ನು ಕೇಳಿದ ಮೇಲೆ ನನ್ನ ನಾಚಿಕೆ ಅರ್ಧ ಕರಗಿತು. ನಾನು ಸದ್ದು ಮಾಡಿದ್ದರೆ ಬೆಳ್ಳಿಯಪ್ಪ ಮುಖ ಬಿಗಿದುಕೊಂಡು ಎಲ್ಲರ ಜೊತೆ ಬಂದು, ಎಲ್ಲರ ಜೊತೆ ಹೋಗುತ್ತಿದ್ದ. ಹಾಗಾಗಿದ್ದರೆ ಅವನು ಬಂದದ್ದು ಪ್ರೀತಿಗೋ ಕಟ್ಟಳೆಗೋ ಎಂದು ಮುತ್ತವ್ವ ಬದುಕಿರುವವರೆಗೂ ಲೆಕ್ಕ ಹಾಕುತ್ತಲೇ ಇರಬೇಕಾಗುತ್ತಿತ್ತು.

ಅಷ್ಟರಲ್ಲಿ ಕಾಳಪ್ಪ ಜೋಡಿ ನಳಿಗೆ ಹಿಡಿದು ಬಂದ. ಬೆಳ್ಳಿಯಪ್ಪ ಎದ್ದು ಅದನ್ನು ತನಗೆ ಕೊಡಲು ಹೇಳಿದ. ಕಣ್ಣೀರಿನಲ್ಲಿ ಏನು ಕಾಣುತ್ತದೆ ಎಂದು ಕಾಳಪ್ಪ ಹಿಂಜರಿದ. ಆಕಾಶಕ್ಕೆ ಹೊಡೆಯಲು ಕಣ್ಣು ಬೇಡ ಎಂದ ಬೆಳ್ಳಿಯಪ್ಪ. ಅಂಗಳಕ್ಕಿಳಿದು, ಒಂದರ ಹಿಂದೆ ಒಂದು, ಎರಡೂ ಹೊಡೆದ. ನನ್ನನ್ನು ಅವನು ಇನ್ನೂ ಎಡಗೈಯ ಬೆರಳ ನಡುವೆ ಹಿಡಿದಿದ್ದ.

ಪೂವಿ ಹೆತ್ತದ್ದು ಸೂತಕ ಕಳೆಯುವ ಮೊದಲೇ. ಹೆಣ್ಣು ಮಗು. ಹೆಣ್ಣಿಗೆ ಗುಂಡು ಹೊಡೆಯುವ ವಾಡಿಕೆ ಇಲ್ಲ, ಸಾವಿನ ಮನೆಯಲ್ಲಿ ಸಂಭ್ರಮವೂ ಇಲ್ಲ, ಆದ್ದರಿಂದ ಯಾರೂ ಕೋವಿ ತೆಗೆಯಲಿಲ್ಲ. ಬೆಳ್ಳಿಯಪ್ಪನೂ ತೆಗೆಯಲಿಲ್ಲ. ಸೂತಕ ಕಳೆದ ಮೇಲೆ ಹಿಂದಿನ ಜಗಲಿಗೆ ಬಂದು ಚಂಗಪ್ಪನ ಮಣೆಯ ಮೇಲೆ ಕೂತ. ಗುರಿ ಹಿಡಿಯುವುದು ಬಿಟ್ಟರೆ ಅವನಿಗೆ ಈ ಕೆಲಸದ ಗಂಧಗಾಳಿಯೂ ಇರಲಿಲ್ಲ. ಮುತ್ತವ್ವ ಹೇಳಿಕೊಟ್ಟ ಹಾಗೆ ಮಾಡಿದ. ಕೆಟ್ಟ ಕೇಪು ತಳ್ಳಿದ, ಒದ್ದೆ ಮದ್ದು ಚೆಲ್ಲಿ ನನ್ನನ್ನು ತೊಳೆದ. ಬುಟ್ಟಿಯಲ್ಲಿ ಒಣಗಲಿಟ್ಟು ಪ್ರತಿದಿನ ತೋಡು ದಾಟಿ ಬಂದು ನೋಡಿದ. ಇಷ್ಟೊಂದು ಒಣಗಿಸಿದರೆ ನಾನು ಹಪ್ಪಳವಾಗುತ್ತೇನೆ ಎಂದು ಮುತ್ತವ್ವ ಬೈದಳು. ತಂತಿ ಇಳಿಸಿ ಕಣ್ಣು ಮುಚ್ಚಿಕೊಂಡು ಎಳೆದ. ಅವನಿಗೆ ಏನೂ ತಡೆಯಲಿಲ್ಲ. ಕುತ್ತಿಗೆ ಬಿರುಸಾಗುತ್ತಿರುವುದು ನನಗೆ ಗೊತ್ತಿತ್ತು. ಇನ್ನೊಂದು ಸಲ ತಡೆದುಕೊಳ್ಳುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿಕೊಂಡೆ.

ಒಂದು ಬೆಳಿಗ್ಗೆ ಬಾಣಂತಿಯನ್ನು ಜಗಲಿಗೆ ಕರೆಸಿದ. ಮುತ್ತವ್ವ ಗೋಡೆಯಿಂದ ಆ ಹರಳು ಕಡ್ಡಿಯ ಬಿಲ್ಲನ್ನು ಇಳಿಸಿ ತಂದಳು. ಅದು ಒಣಗಿ ಕಂದುಬಣ್ಣಕ್ಕೆ ತಿರುಗಿತ್ತು. ಮಗುವಿನ ಕೈಗೆ ಮುಟ್ಟಿಸಿದಳು. ಬೆಳ್ಳಿಯಪ್ಪ ನನ್ನನ್ನು ಕೋವಿಗೆ ಹಾಕಿ ಆಕಾಶಕ್ಕೆತ್ತಿದ. ನನ್ನ ಜನ್ಮಗಳಲ್ಲೆಲ್ಲ ಅಷ್ಟು ಜೋರಾಗಿ ನಾನು ಎಂದೂ ಕೂಗಿರಲಿಲ್ಲ. ಸದ್ದು ಕೇಳಿ ಕಾಳಪ್ಪ ಓಡಿ ಬಂದು, ಹೆಣ್ಣಿಗೆ ಹೊಡೆಯುವುದುಂಟೇ ಎಂದು ಕೇಳಿದ.

"ಈ ಮನೆಯಿಂದ ಒಂದು ಸದ್ದು ಬಾಕಿ ಇತ್ತು," ಎಂದ ಬೆಳ್ಳಿಯಪ್ಪ. "ಈಗ ಹೊಡೆದೆ."

ಹೊರಗೆ ತೆಗೆದು ನೋಡಿದಾಗ ನನ್ನ ಕುತ್ತಿಗೆ ಉದ್ದಕ್ಕೆ ಸೀಳಿತ್ತು. ಚಂಗಪ್ಪನ ನಿಯಮದ ಪ್ರಕಾರ ಸುತ್ತಿಗೆ ಬೀಳಬೇಕು. ಬೆಳ್ಳಿಯಪ್ಪ ಸುತ್ತಿಗೆ ಎತ್ತಿದ. ಹಾಗೇ ಸ್ವಲ್ಪ ಹೊತ್ತು ಹಿಡಿದಿದ್ದು ಕೆಳಗಿಟ್ಟ. ಸೀಳಿದಷ್ಟು ಭಾಗವನ್ನು ಕತ್ತರಿಸಿ, ಬಾಯಿಗೆ ನುಣ್ಣಗೆ ಅರ ಹಾಕಿ, ನನ್ನನ್ನು ಮುತ್ತವ್ವನ ಕಿಟಕಿಯ ಮೇಲಿಟ್ಟ.

ಈಗ ನನ್ನ ಮನೆ ಆ ಕಿಟಕಿ. ಪಕ್ಕದಲ್ಲಿ ಬಗ್ಗಿಸಿದ ಹಳೆಯ ತಂತಿ ಬಿದ್ದಿದೆ, ಅದನ್ನು ಕಂಡರೆ ಈಗ ಭಯವಿಲ್ಲ. ಮದ್ದಿಲ್ಲ, ಕೇಪಿಲ್ಲ, ಗುಂಡಿನ ಸಹವಾಸವೂ ಇಲ್ಲ. ನನ್ನ ಬಾಯಿಂದ ಹೊರಟುಹೋದ ಎಷ್ಟೋ ಗುಂಡುಗಳಲ್ಲಿ ಒಂದಾದರೂ ತಿರುಗಿ ಬಂದು ನನ್ನನ್ನು ವಿಚಾರಿಸಿದ್ದಿಲ್ಲ. ಪೂವಿಯ ಮಗಳು ರಜೆಗೆ ಬಂದಾಗ ಮೊದಲು ಹುಡುಕುವುದು ನನ್ನನ್ನು. ನನ್ನ ಬಾಯಿಗೆ ತುಟಿ ಅಡ್ಡ ಹಿಡಿದು ಊದಿದರೆ ಸೀಟಿ ಬರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಲಿಲ್ಲ, ತಾನೇ ಕಂಡುಕೊಂಡಳು. ಇಷ್ಟು ವಯಸ್ಸಿಗೆ ನನಗೆ ಕೋವಿಯಿಲ್ಲದೆ ದನಿ ಬಂತು.

ಸಂಜೆ ಜಗಲಿಯ ತುದಿಗೆ ಹೋಗಿ ತೋಡಿನ ಕಡೆ ತಿರುಗಿ ಊದುತ್ತಾಳೆ. ಬೆಳ್ಳಿಯಪ್ಪನಿಗೆ ಈಗ ಕಾಲು ನೋವು, ಸಂಕದ ಮೇಲೆ ನಿಧಾನವಾಗಿ ಬರಬೇಕು. ಅಜ್ಜನಿಗೆ ಕೇಳಲಿಕ್ಕಿಲ್ಲ, ಇನ್ನೊಂದು ಸಲ ಊದಲೇ ಎಂದು ಅವಳು ಕೇಳಿದರೆ ಮುತ್ತವ್ವ ಬೇಡ ಎನ್ನುತ್ತಾಳೆ. ಒಂದು ಸಾಕು, ಬರುತ್ತಾನೆ.

ಆಚೆ ಗುಡ್ಡದಲ್ಲಿ ಬಾಗಿಲು ಹಾಕಿಕೊಂಡ ಸದ್ದು ಕೇಳುತ್ತದೆ. ಅವನು ಹೊರಟಿರುತ್ತಾನೆ.